ಮೂಳೆ ಇಂಪ್ಲಾಂಟ್ ತೆಗೆಯುವ ಶಸ್ತ್ರಕ್ರಿಯೆ

ಮೂಳೆ ಇಂಪ್ಲಾಂಟ್ ತೆಗೆಯುವ ಶಸ್ತ್ರಕ್ರಿಯೆ ಎಂದರೆ, ಮುರಿದ ಅಥವಾ ಕತ್ತರಿಸಿ ನೇರಮಾಡಿದ ಮೂಳೆಯನ್ನು ಅದು ಕೂಡುವವರೆಗೆ ಹಿಡಿದಿಡಲೆಂದು ದೇಹದಲ್ಲಿ ಅಳವಡಿಸಿದ್ದ ಪ್ಲೇಟ್, ಸ್ಕ್ರೂ, ರಾಡ್, ತಂತಿ ಮೊದಲಾದ ಲೋಹಸಾಧನಗಳನ್ನು ಆಮೇಲೆ ಹೊರತೆಗೆಯುವ ಚಿಕಿತ್ಸೆ. ಮೂಳೆ ಮತ್ತು ಕೀಲು ವಿಭಾಗಗಳಲ್ಲಿ ಹೆಚ್ಚಾಗಿ ನಡೆಯುವ ಪೂರ್ವನಿಗದಿತ ಶಸ್ತ್ರಕ್ರಿಯೆಗಳಲ್ಲಿ ಇದೂ ಒಂದು. ಮೂಳೆ ಕೂಡಿದ ಮೇಲೆ ಲೋಹದ ಕೆಲಸ ಮುಗಿಯುತ್ತದೆ. ಆದರೆ ಕೆಲಸ ಮುಗಿದ ಲೋಹವನ್ನೆಲ್ಲ ತೆಗೆಯಲೇಬೇಕೆಂಬ ನಿಯಮವಿಲ್ಲ. ಸಾಧನದ ಬಗೆ, ಅದು ಇರುವ ಜಾಗ, ರೋಗಿಯ ವಯಸ್ಸು, ಅನುಭವಿಸುತ್ತಿರುವ ತೊಂದರೆ, ಎರಡನೆಯ ಶಸ್ತ್ರಕ್ರಿಯೆಯ ಅಪಾಯ ಇವೆಲ್ಲವನ್ನೂ ತೂಗಿನೋಡಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ತೀರ್ಮಾನಿಸಲಾಗುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ಇಂಪ್ಲಾಂಟ್ ಎಂಬ ಪದವನ್ನು ಮೂಳೆಯ ತುಂಡುಗಳನ್ನು ಹಿಡಿದಿಡುವ ಸಾಧನಗಳಿಗಷ್ಟೇ ಬಳಸಲಾಗಿದೆ. ಸವೆದ ಕೀಲಿನ ಜಾಗದಲ್ಲಿ ಶಾಶ್ವತವಾಗಿ ಕೂರಿಸುವ ಕೃತಕ ಮಂಡಿ, ಕೃತಕ ಸೊಂಟದ ಕೀಲು ಇದರಲ್ಲಿ ಸೇರುವುದಿಲ್ಲ. ಅವುಗಳನ್ನು ತೆಗೆದು ಬದಲಿಸುವುದು ರಿವಿಷನ್ ಶಸ್ತ್ರಕ್ರಿಯೆ ಎಂಬ ಬೇರೆಯದೇ ವಿಭಾಗ.

ಪ್ಲೇಟ್ ಎಂದರೆ ಮೂಳೆಯ ಮೇಲ್ಮೈಗೆ ಸ್ಕ್ರೂಗಳಿಂದ ಬಿಗಿಯುವ ತೂತುಗಳುಳ್ಳ ಲೋಹದ ಪಟ್ಟಿ. ರಾಡ್ ಎಂದರೆ ಉದ್ದ ಮೂಳೆಯ ಮಜ್ಜೆಯ ನಾಳದೊಳಗೆ ಸೇರಿಸುವ ಕೊಳವೆ ಅಥವಾ ಸರಳು. ವೈದ್ಯರು ಇದನ್ನು ನೈಲ್ ಎನ್ನುತ್ತಾರೆ. ರಾಡಿನ ಎರಡು ತುದಿಗಳಲ್ಲಿ ಮೂಳೆಗೆ ಅಡ್ಡಲಾಗಿ ಹಾಕುವವು ಲಾಕಿಂಗ್ ಸ್ಕ್ರೂಗಳು. ಕೆ-ವೈರ್ ಎಂದರೆ ಚೂಪು ತುದಿಯ ತೆಳು ಉಕ್ಕಿನ ಕಡ್ಡಿ. ಮಂಡಿಚಿಪ್ಪು ಮತ್ತು ಮೊಣಕೈ ತುದಿಯ ಮುರಿತಗಳಲ್ಲಿ ಕೆ-ವೈರ್‌ಗಳಿಗೆ ಎಂಟರ ಆಕಾರದಲ್ಲಿ ತಂತಿ ಸುತ್ತಿ ಬಿಗಿಯುವುದನ್ನು ಟೆನ್ಷನ್ ಬ್ಯಾಂಡ್ ಎನ್ನುತ್ತಾರೆ. ಚರ್ಮದ ಹೊರಗೆ ಚೌಕಟ್ಟಿದ್ದು ಪಿನ್ನುಗಳು ಮಾತ್ರ ಮೂಳೆಗೆ ಹೊಕ್ಕಿರುವ ಸಾಧನ ಎಕ್ಸ್‌ಟರ್ನಲ್ ಫಿಕ್ಸೇಟರ್.

ಇತಿಹಾಸ

ಇಂಪ್ಲಾಂಟ್ ತೆಗೆಯುವ ಯೋಚನೆ ಪ್ಲೇಟ್‌ನ ಜೊತೆಗೇ ಹುಟ್ಟಿತು. ಜರ್ಮನಿಯ ಹ್ಯಾಂಬರ್ಗ್‌ನ ಕಾರ್ಲ್ ಹಾನ್ಸ್‌ಮನ್ 1886ರಲ್ಲಿ ಪ್ರಕಟಿಸಿದ ಮೂಳೆ ಪ್ಲೇಟ್‌ನ ಒಂದು ತುದಿ ಮತ್ತು ಸ್ಕ್ರೂಗಳ ಉದ್ದನೆಯ ಕಾಂಡಗಳು ಚರ್ಮದ ಹೊರಗೆ ಚಾಚಿಕೊಂಡಿರುತ್ತಿದ್ದವು. ಕೆಲವು ವಾರಗಳ ನಂತರ ಮತ್ತೆ ದೊಡ್ಡ ಗಾಯ ಮಾಡದೆ ಅವನ್ನು ಬಿಚ್ಚಿ ತೆಗೆಯಲು ಅನುಕೂಲವಾಗಲೆಂದೇ ಆ ವಿನ್ಯಾಸ ಮಾಡಲಾಗಿತ್ತು. ಲಂಡನ್ನಿನ ವಿಲಿಯಂ ಆರ್ಬತ್‌ನಾಟ್ ಲೇನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಟ್‌ಗಳನ್ನು ಪೂರ್ತಿಯಾಗಿ ಚರ್ಮದೊಳಗೆ ಇರಿಸುವ ಪದ್ಧತಿಯನ್ನು ಹರಡಿದರು. ಆ ಕಾಲದ ಉಕ್ಕು ದೇಹದ ದ್ರವಗಳಲ್ಲಿ ತುಕ್ಕು ಹಿಡಿಯುತ್ತಿದ್ದುದರಿಂದ ಅನೇಕ ಪ್ಲೇಟ್‌ಗಳನ್ನು ತೆಗೆಯಲೇಬೇಕಾಗುತ್ತಿತ್ತು. ಬೆಲ್ಜಿಯಂನ ಆಲ್ಬಿನ್ ಲಾಂಬೋಟ್ ಅದೇ ಅವಧಿಯಲ್ಲಿ ಹಲವು ಲೋಹಗಳನ್ನು ಪರೀಕ್ಷಿಸಿದರು. ಅಮೆರಿಕದ ಪಿಟ್ಸ್‌ಬರ್ಗ್‌ನ ವಿಲಿಯಂ ಶರ್ಮನ್ 1912ರಲ್ಲಿ ವನೇಡಿಯಂ ಉಕ್ಕಿನ, ಹೆಚ್ಚು ಗಟ್ಟಿಯಾದ ಪ್ಲೇಟ್ ತಂದರು. 1930ರ ದಶಕದಲ್ಲಿ ಬಂದ ಕೋಬಾಲ್ಟ್ ಮಿಶ್ರಲೋಹ ವೈಟಾಲಿಯಂ, ಬಳಿಕ ಸುಧಾರಿಸಿದ ಸ್ಟೇನ್‌ಲೆಸ್ ಸ್ಟೀಲ್, ಕೊನೆಗೆ ಟೈಟೇನಿಯಂ ಇವುಗಳಿಂದ ತುಕ್ಕಿನ ತೊಂದರೆ ಬಹುಮಟ್ಟಿಗೆ ಬಗೆಹರಿಯಿತು.

ಗೆರ್ಹಾರ್ಡ್ ಕುಂಟ್‌ಶರ್ 1939ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ತೊಡೆಮೂಳೆಯ ಮಜ್ಜೆನಾಳದೊಳಗೆ ರಾಡ್ ಸೇರಿಸುವ ಶಸ್ತ್ರಕ್ರಿಯೆ ನಡೆಸಿದರು. ಅವರ ಹೆಸರಿನಿಂದ ಕೆ-ನೈಲ್ ಎಂದು ಪ್ರಸಿದ್ಧವಾದ ಈ ರಾಡಿನ ತುದಿಯಲ್ಲಿ ಒಂದು ಸೀಳುಗಂಡಿ ಇರುತ್ತದೆ. ಮುಂದೆ ರಾಡನ್ನು ಎಳೆದು ತೆಗೆಯುವಾಗ ಕೊಕ್ಕೆ ಸಿಕ್ಕಿಸುವುದು ಇದಕ್ಕೇ.

1958ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ಮೌರಿಸ್ ಮ್ಯೂಲರ್, ಮಾರ್ಟಿನ್ ಆಲ್ಗೋವರ್, ಹಾನ್ಸ್ ವಿಲೆನೆಗರ್, ರಾಬರ್ಟ್ ಶ್ನೈಡರ್ ಮೊದಲಾದವರು ಸೇರಿ ಎಒ ಸಂಘಟನೆಯನ್ನು ಸ್ಥಾಪಿಸಿದರು. ಮುರಿತಗಳನ್ನು ಜೋಡಿಸುವ ವಿಧಾನಗಳನ್ನೂ ಉಪಕರಣಗಳನ್ನೂ ಈ ಗುಂಪು ಒಂದು ಶಿಸ್ತಿಗೆ ತಂದಿತು. ಯಾವ ಮೂಳೆಯ ಇಂಪ್ಲಾಂಟನ್ನು ಎಷ್ಟು ತಿಂಗಳ ನಂತರ ತೆಗೆಯಬೇಕೆಂಬ ಕಾಲಸೂಚಿಗಳೂ ಇದೇ ಪರಂಪರೆಯಲ್ಲಿ ರೂಪುಗೊಂಡವು. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಲ್ಲಿ ಮೂಳೆ ಕೂಡಿದ ಬಳಿಕ ಲೋಹ ತೆಗೆಯುವುದು ವಾಡಿಕೆಯಾಗಿ ಬೆಳೆಯಿತು. ಬ್ರಿಟನ್ ಮತ್ತು ಅಮೆರಿಕದಲ್ಲಿ ತೊಂದರೆ ಕೊಟ್ಟರೆ ಮಾತ್ರ ತೆಗೆಯುವ ಪದ್ಧತಿ ನೆಲೆಯೂರಿತು.

ಲೋಹ ಮತ್ತು ಮೂಳೆಯ ಸಂಬಂಧ

ಇಂದಿನ ಇಂಪ್ಲಾಂಟ್‌ಗಳಲ್ಲಿ ಹೆಚ್ಚಿನವು 316ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟೇನಿಯಂ ಮಿಶ್ರಲೋಹದವು. ಇಂಪ್ಲಾಂಟ್ ದರ್ಜೆಯ 316ಎಲ್ ಉಕ್ಕಿನಲ್ಲಿ ಶೇ. 17ರಿಂದ 19ರಷ್ಟು ಕ್ರೋಮಿಯಂ ಮತ್ತು ಶೇ. 13ರಿಂದ 15ರಷ್ಟು ನಿಕ್ಕಲ್ ಇರುತ್ತದೆ. ಬಿಗಿತದ ಅಳತೆಯಲ್ಲಿ ಉಕ್ಕು ಸುಮಾರು 190ರಿಂದ 200 ಗಿಗಾಪಾಸ್ಕಲ್, ಟೈಟೇನಿಯಂ ಮಿಶ್ರಲೋಹ ಸುಮಾರು 110, ಗಟ್ಟಿಮೂಳೆ 20ರ ಆಸುಪಾಸು. ಹೀಗಾಗಿ ಪ್ಲೇಟ್ ಹಾಕಿದ ಭಾಗದಲ್ಲಿ ಭಾರದ ಒಂದು ಪಾಲನ್ನು ಲೋಹವೇ ಹೊರುತ್ತದೆ ಮತ್ತು ಅದರ ಕೆಳಗಿನ ಮೂಳೆ ತೆಳುವಾಗಬಹುದು. ಇದಕ್ಕೆ ಸ್ಟ್ರೆಸ್ ಶೀಲ್ಡಿಂಗ್ ಎಂದು ಹೆಸರು. ಪ್ಲೇಟ್ ಮೂಳೆಗೆ ಒತ್ತಿಕೊಂಡು ಮೇಲ್ಪದರದ ರಕ್ತಸಂಚಾರಕ್ಕೆ ಅಡ್ಡಿಯಾಗುವುದೂ ಮೂಳೆ ಸಡಿಲವಾಗಲು ಕಾರಣ ಎಂದು ಸ್ವಿಟ್ಜರ್ಲೆಂಡಿನ ಸ್ಟೀಫನ್ ಪೆರೆನ್ ಮತ್ತು ಸಂಗಡಿಗರ ಸಂಶೋಧನೆ ತೋರಿಸಿತು. ಮೂಳೆಗೆ ಕಡಿಮೆ ತಾಗುವಂತೆ ಅಡಿಯಲ್ಲಿ ಕಚ್ಚು ತೆಗೆದ ಪ್ಲೇಟ್‌ಗಳು ಬಳಕೆಗೆ ಬಂದದ್ದು ಇದರಿಂದ.

ಟೈಟೇನಿಯಂ ಮೇಲ್ಮೈಗೆ ಮೂಳೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೂಳೆ ಜೋಡಿಸುವಾಗ ಅನುಕೂಲವಾಗುವ ಈ ಗುಣ ತೆಗೆಯುವಾಗ ಕಷ್ಟ ಕೊಡುತ್ತದೆ. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಪ್ಲೇಟ್‌ನ ಮೇಲೂ ಮೂಳೆ ಬೆಳೆದು, ಲೋಹ ಕ್ರಮೇಣ ಮೂಳೆಯೊಳಗೆ ಹುದುಗಿಹೋಗಬಹುದು.

ವಿಧಗಳು

ಕಾರಣವನ್ನು ಅನುಸರಿಸಿ ಈ ಶಸ್ತ್ರಕ್ರಿಯೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲೇ ನಿರ್ಧರಿಸಿದ ತೆಗೆತ: ಕೆಲವು ಸಾಧನಗಳನ್ನು ಹಾಕುವಾಗಲೇ ತೆಗೆಯುವ ಕಾಲ ಗೊತ್ತಿರುತ್ತದೆ. ಚರ್ಮದ ಹೊರಗೆ ತುದಿ ಬಿಟ್ಟ ಕೆ-ವೈರ್‌ಗಳು, ಎಕ್ಸ್‌ಟರ್ನಲ್ ಫಿಕ್ಸೇಟರ್, ಕೈಕಾಲಿನ ಸುತ್ತ ಹೊರಗಿನಿಂದ ಹಾಕುವ ಇಲಿಜರೋವ್ ಬಳೆಗಳು, ಮಕ್ಕಳಿಗೆ ಹಾಕುವ ಬಾಗುವ ಟೈಟೇನಿಯಂ ರಾಡ್‌ಗಳು, ಭುಜದ ಮೇಲಿನ ಕೀಲಿಗೆ ಹಾಕುವ ಕೊಕ್ಕೆ ಪ್ಲೇಟ್ ಈ ಗುಂಪಿನವು. ಮಕ್ಕಳ ಮಂಡಿ ಒಳಕ್ಕೋ ಹೊರಕ್ಕೋ ಬಾಗಿದ್ದಾಗ ಬೆಳವಣಿಗೆಯ ಫಲಕದ ಒಂದು ಬದಿಗೆ ಸಣ್ಣ ಪ್ಲೇಟ್ ಹಾಕಿ ನೇರಗೊಳಿಸುವ ಚಿಕಿತ್ಸೆಯಿದೆ. ಕಾಲು ನೇರವಾದೊಡನೆ ಆ ಪ್ಲೇಟ್ ತೆಗೆಯದಿದ್ದರೆ ಕಾಲು ಎದುರು ದಿಕ್ಕಿಗೆ ಬಾಗತೊಡಗುತ್ತದೆ.

ತೊಂದರೆಯಿಂದಾಗಿ ತೆಗೆಯುವುದು: ವಯಸ್ಕರಲ್ಲಿ ಸಾಮಾನ್ಯ ಕಾರಣ ಇದೇ. ಚರ್ಮಕ್ಕೂ ಮೂಳೆಗೂ ನಡುವೆ ಮಾಂಸ ಕಡಿಮೆಯಿರುವ ಕಾಲರ್ ಬೋನ್, ಮೊಣಕೈ ತುದಿ, ಮಂಡಿಚಿಪ್ಪು, ಪಾದದ ಕೀಲು ಇಲ್ಲೆಲ್ಲ ಲೋಹ ಕೈಗೆ ತಗಲುತ್ತದೆ, ಒತ್ತಿದರೆ ನೋಯುತ್ತದೆ. ಮಂಡಿಚಿಪ್ಪಿನ ತಂತಿಯ ತುದಿ ಚುಚ್ಚುವುದರಿಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಮಂಡಿಯೂರುವುದು, ಕುಕ್ಕರಗಾಲಲ್ಲಿ ಕೂರುವುದು ಕಷ್ಟವಾಗುತ್ತದೆ. ನೆಲದ ಮೇಲೆ ಕುಳಿತು ಮಾಡುವ ಕೆಲಸಗಳೇ ಹೆಚ್ಚಿರುವ ಭಾರತದಂಥ ದೇಶದಲ್ಲಿ ಇದು ಗಣನೀಯ ಅಡಚಣೆ. ಹೆಗಲಿಗೆ ಚೀಲದ ಪಟ್ಟಿ ಹಾಕುವಾಗ ಕಾಲರ್ ಬೋನ್ ಪ್ಲೇಟ್ ಒತ್ತುವುದು, ಶೂ ಬಿಗಿದಾಗ ಪಾದದ ಕೀಲಿನ ಸ್ಕ್ರೂ ಉಜ್ಜುವುದು ಇಂಥವೇ ದೂರುಗಳು. ಕಣಕಾಲಿನ ದೊಡ್ಡ ಮೂಳೆಗೆ ಮಂಡಿಯ ಕಡೆಯಿಂದ ರಾಡ್ ಹಾಕಿಸಿಕೊಂಡವರಲ್ಲಿ ಮಂಡಿಯ ಮುಂಭಾಗದ ನೋವು ಸಾಮಾನ್ಯ.

ತೊಡಕಿನಿಂದಾಗಿ ತೆಗೆಯುವುದು: ಸೋಂಕು, ಲೋಹ ಮುರಿಯುವುದು, ಸ್ಕ್ರೂ ಸಡಿಲವಾಗಿ ಹೊರಬರುವುದು, ಸ್ಕ್ರೂ ಕೀಲಿನೊಳಗೆ ಚಾಚಿರುವುದು, ಮೂಳೆ ಕೂಡದೆ ಉಳಿಯುವುದು ಇದಕ್ಕೆ ಕಾರಣಗಳು. ಸೋಂಕು ತಗುಲಿದಾಗ ಬ್ಯಾಕ್ಟೀರಿಯಾಗಳು ಲೋಹದ ಮೇಲೆ ಜೈವಿಕ ಪೊರೆಯೊಂದನ್ನು ಕಟ್ಟಿಕೊಳ್ಳುತ್ತವೆ. ಪ್ರತಿಜೀವಕ ಔಷಧಿಗಳು ಈ ಪೊರೆಯೊಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೂಳೆ ಕೂಡಿದ್ದರೆ ಇಂಪ್ಲಾಂಟ್ ತೆಗೆದು ಸೋಂಕಿತ ಭಾಗವನ್ನು ಹೆರೆದು ತೊಳೆಯುತ್ತಾರೆ. ಮೂಳೆ ಇನ್ನೂ ಕೂಡಿರದೆ ಜೋಡಣೆ ಗಟ್ಟಿಯಾಗಿದ್ದರೆ, ಗಾಯವನ್ನು ಶುಚಿಮಾಡಿ ಔಷಧಿಯಿಂದ ಸೋಂಕನ್ನು ಹತೋಟಿಯಲ್ಲಿಟ್ಟು ಮೂಳೆ ಕೂಡುವವರೆಗೆ ಲೋಹವನ್ನು ಉಳಿಸಿಕೊಳ್ಳುವುದುಂಟು.

ಇನ್ನೊಂದು ಶಸ್ತ್ರಕ್ರಿಯೆಗಾಗಿ ತೆಗೆಯುವುದು: ಮಂಡಿ ಅಥವಾ ಸೊಂಟದ ಕೀಲು ಬದಲಿಸುವ ಮುನ್ನ ದಾರಿಗೆ ಅಡ್ಡವಿರುವ ಹಳೆಯ ಪ್ಲೇಟ್, ರಾಡ್‌ಗಳನ್ನು ತೆಗೆಯಬೇಕಾಗುತ್ತದೆ. ಸೋಂಕಿನ ಶಂಕೆಯಿದ್ದರೆ ಎರಡನ್ನೂ ಒಟ್ಟಿಗೆ ಮಾಡದೆ ಎರಡು ಹಂತಗಳಲ್ಲಿ ಮಾಡುತ್ತಾರೆ.

ತೆಗೆಯದೆ ಬಿಡುವ ಸಂದರ್ಭಗಳು

ತೊಂದರೆ ಕೊಡದ ಲೋಹವನ್ನು ವಯಸ್ಕರಲ್ಲಿ ಜೀವನಪರ್ಯಂತ ಹಾಗೆಯೇ ಬಿಡಬಹುದು. ಸೊಂಟದ ಬಟ್ಟಲಿನ ಆಳದ ಪ್ಲೇಟ್‌ಗಳು, ಬೆನ್ನುಮೂಳೆಯ ಸ್ಕ್ರೂಗಳು, ರೇಡಿಯಲ್ ನರ ಹಾದುಹೋಗುವ ತೋಳ್ಮೂಳೆಯ ಪ್ಲೇಟ್ ಇವುಗಳನ್ನು ತೆಗೆಯುವ ಅಪಾಯವೇ ಹೆಚ್ಚು. ವೃದ್ಧರ ತೊಡೆಯ ಮೇಲ್ತುದಿಗೆ ಹಾಕಿದ ದಪ್ಪ ಸ್ಕ್ರೂ ಮತ್ತು ರಾಡ್‌ಗಳನ್ನು ತೆಗೆದ ಮೇಲೆ ತೊಡೆಮೂಳೆಯ ಕತ್ತು ಮುರಿದ ಪ್ರಕರಣಗಳು ದಾಖಲಾಗಿರುವುದರಿಂದ, ಬಲವಾದ ಕಾರಣವಿಲ್ಲದೆ ಅವನ್ನು ಮುಟ್ಟುವುದಿಲ್ಲ.

ಲೋಹ ಒಳಗಿದ್ದರೆ ಕ್ಯಾನ್ಸರ್ ಬರುತ್ತದೆ ಎಂಬ ಆತಂಕಕ್ಕೆ ಆಧಾರವಿಲ್ಲ. ಮುರಿತದ ಇಂಪ್ಲಾಂಟ್‌ಗಳಿಗೂ ಕ್ಯಾನ್ಸರಿಗೂ ಕಾರಣಸಂಬಂಧ ಸಾಬೀತಾಗಿಲ್ಲ. ನಿಕ್ಕಲ್ ಆಭರಣದಿಂದ ಚರ್ಮಕ್ಕೆ ತುರಿಕೆ ಬರುವವರು ಅನೇಕರಿದ್ದರೂ ದೇಹದೊಳಗಿನ ಇಂಪ್ಲಾಂಟ್‌ಗೆ ಅಂಥ ಪ್ರತಿಕ್ರಿಯೆ ಅಪರೂಪ. 316ಎಲ್ ಉಕ್ಕು ಮತ್ತು ಟೈಟೇನಿಯಂ ಅಯಸ್ಕಾಂತದ ಸೆಳೆತಕ್ಕೆ ಸಿಗುವ ಲೋಹಗಳಲ್ಲವಾದ್ದರಿಂದ, ಇಂಥ ಇಂಪ್ಲಾಂಟ್ ಇರುವವರಿಗೂ ಸಾಮಾನ್ಯವಾಗಿ ಎಂಆರ್‌ಐ ಸ್ಕ್ಯಾನ್ ಮಾಡಬಹುದು. ಲೋಹದ ಸುತ್ತಲಿನ ಚಿತ್ರ ಮಾತ್ರ ಮಸುಕಾಗುತ್ತದೆ. ಸ್ಕ್ಯಾನ್‌ಗೆ ಮುನ್ನ ಸಿಬ್ಬಂದಿಗೆ ಇಂಪ್ಲಾಂಟ್ ಇರುವ ವಿಷಯ ತಿಳಿಸುವುದು ಅಗತ್ಯ.

ತೆಗೆಯುವ ಕಾಲ

ತೊಡಕಿನಿಂದಾಗಿ ತೆಗೆಯುವ ಸಂದರ್ಭಗಳನ್ನು ಬಿಟ್ಟರೆ, ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಖಚಿತವಾಗದೆ ಇಂಪ್ಲಾಂಟ್ ತೆಗೆಯುವುದಿಲ್ಲ. ಮಕ್ಕಳ ಮೊಣಕೈ ಮೇಲ್ಭಾಗದ ಮುರಿತಕ್ಕೆ ಹಾಕಿದ ಕೆ-ವೈರ್‌ಗಳನ್ನು 3ರಿಂದ 4 ವಾರಕ್ಕೆ, ವಯಸ್ಕರ ಕೈಯ ಸಣ್ಣ ಮೂಳೆಗಳ ಕೆ-ವೈರ್‌ಗಳನ್ನು 4ರಿಂದ 6 ವಾರಕ್ಕೆ ತೆಗೆಯುವುದು ರೂಢಿ. ಮಕ್ಕಳ ಬಾಗುವ ರಾಡ್‌ಗಳಿಗೆ ಸುಮಾರು 6ರಿಂದ 12 ತಿಂಗಳು ಕಾಯುತ್ತಾರೆ. ಮಂಡಿಚಿಪ್ಪು ಮತ್ತು ಪಾದದ ಕೀಲಿನ ಇಂಪ್ಲಾಂಟ್‌ಗಳಿಗೆ 8ರಿಂದ 12 ತಿಂಗಳು, ಕಣಕಾಲಿನ ಪ್ಲೇಟ್‌ಗೆ 12ರಿಂದ 18 ತಿಂಗಳು, ಮುಂದೋಳಿನ ಪ್ಲೇಟ್‌ಗಳಿಗೆ 18ರಿಂದ 24 ತಿಂಗಳು, ತೊಡೆಮೂಳೆಯ ಪ್ಲೇಟ್ ಅಥವಾ ರಾಡ್‌ಗೆ 24 ತಿಂಗಳು ಇಲ್ಲವೇ ಅದಕ್ಕೂ ಹೆಚ್ಚು ಎಂಬುದು ಎಒ ಪರಂಪರೆಯ ಸೂಚನೆ.

ಪಾದದ ಕೀಲಿನ ಮೇಲೆ ಎರಡು ಮೂಳೆಗಳನ್ನು ಒಟ್ಟಿಗೆ ಹಿಡಿಯಲು ಹಾಕುವ ಸಿಂಡೆಸ್ಮೋಸಿಸ್ ಸ್ಕ್ರೂವನ್ನು ಹಿಂದೆ 8ರಿಂದ 12 ವಾರಗಳಲ್ಲಿ ಎಲ್ಲರಿಗೂ ತೆಗೆಯುತ್ತಿದ್ದರು. ತೊಂದರೆಯಿದ್ದವರಿಗೆ ಮಾತ್ರ ತೆಗೆದರೂ ಕಾಲಿನ ಕಾರ್ಯಕ್ಷಮತೆಗೆ ಕುಂದಿಲ್ಲವೆಂದು ಇತ್ತೀಚಿನ ಹೋಲಿಕೆ ಅಧ್ಯಯನಗಳು ತೋರಿಸಿದ ಮೇಲೆ ಈ ವಾಡಿಕೆ ಸಡಿಲವಾಗಿದೆ.

ಪೂರ್ವಸಿದ್ಧತೆ

ಎರಡು ಕೋನಗಳ ಎಕ್ಸ್‌ರೇ ತೆಗೆದು ಮೂಳೆ ಕೂಡಿದ್ದನ್ನೂ ಸ್ಕ್ರೂಗಳ ಸಂಖ್ಯೆಯನ್ನೂ ಮುರಿದ ತುಂಡುಗಳಿದ್ದರೆ ಅವನ್ನೂ ಗುರುತಿಸುತ್ತಾರೆ. ಸಂದೇಹವಿದ್ದರೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ರಕ್ತಪರೀಕ್ಷೆ, ಸಕ್ಕರೆ ಕಾಯಿಲೆಯ ಹತೋಟಿ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಚಾರಣೆ ಎಲ್ಲ ಶಸ್ತ್ರಕ್ರಿಯೆಗಳಂತೆ ಇಲ್ಲಿಯೂ ನಡೆಯುತ್ತವೆ.

ಇಂಪ್ಲಾಂಟ್‌ನ ತಯಾರಕರು ಯಾರು, ಸ್ಕ್ರೂ ತಲೆಯ ಗುಳಿ ಯಾವ ಆಕಾರದ್ದು ಎಂಬ ಮಾಹಿತಿ ಈ ಶಸ್ತ್ರಕ್ರಿಯೆಗೆ ವಿಶೇಷವಾಗಿ ಬೇಕು. ಸಾಮಾನ್ಯ 4.5 ಮಿ.ಮೀ. ಸ್ಕ್ರೂಗಳಿಗೆ 3.5 ಮಿ.ಮೀ.ನ ಷಟ್ಕೋನ ಸ್ಕ್ರೂಡ್ರೈವರ್, 3.5 ಮಿ.ಮೀ. ಸ್ಕ್ರೂಗಳಿಗೆ 2.5 ಮಿ.ಮೀ.ನದು ಹೊಂದುತ್ತದೆ. ನಕ್ಷತ್ರಾಕಾರದ ಗುಳಿಯ ಸ್ಕ್ರೂಗಳಿಗೆ ಬೇರೆಯದೇ ಬೇಕು. ರಾಡ್‌ಗಳಲ್ಲಿ ಪ್ರತಿ ತಯಾರಕರ ಎಳೆಯುವ ಸಾಧನದ ಮರೆ (ಸುರುಳಿಗಚ್ಚು) ಬೇರೆಬೇರೆ. ಹಿಂದಿನ ಶಸ್ತ್ರಕ್ರಿಯೆಯ ಟಿಪ್ಪಣಿ ಮತ್ತು ಇಂಪ್ಲಾಂಟ್ ಸ್ಟಿಕರ್ ಸಿಕ್ಕರೆ ಸರಿಯಾದ ಉಪಕರಣಗಳನ್ನು ಮೊದಲೇ ತರಿಸಿಟ್ಟುಕೊಳ್ಳಬಹುದು.

ವಿಧಾನ

ಚರ್ಮದ ಹೊರಗೆ ತುದಿಯಿರುವ ಕೆ-ವೈರ್‌ಗಳನ್ನು ಹೊರರೋಗಿ ವಿಭಾಗದಲ್ಲೇ ಇಕ್ಕಳದಿಂದ ಎಳೆದು ತೆಗೆಯಲಾಗುತ್ತದೆ. ಒಂದೆರಡು ಸ್ಕ್ರೂಗಳಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕಾಗಬಹುದು. ಕೈಯ ಪ್ಲೇಟ್‌ಗಳಿಗೆ ತೋಳಿನ ನರಗಳ ಬ್ಲಾಕ್, ಕಾಲಿನವಕ್ಕೆ ಬೆನ್ನಿಗೆ ಕೊಡುವ ಅರಿವಳಿಕೆ, ಮಕ್ಕಳಿಗೆ ಪೂರ್ಣ ಅರಿವಳಿಕೆ ಸಾಮಾನ್ಯ. ರಕ್ತಸ್ರಾವ ತಡೆಯಲು ಕೈಕಾಲಿನ ಮೇಲ್ಭಾಗಕ್ಕೆ ಗಾಳಿ ತುಂಬುವ ಟೂರ್ನಿಕೆ ಪಟ್ಟಿ ಕಟ್ಟುತ್ತಾರೆ.

ಪ್ಲೇಟ್ ತೆಗೆಯಲು ಹಳೆಯ ಗಾಯದ ಕಲೆಯ ಮೇಲೆಯೇ ಕೊಯ್ಯುತ್ತಾರೆ. ಕಲೆಗಟ್ಟಿದ ಅಂಗಾಂಶದಲ್ಲಿ ನರ ಮತ್ತು ರಕ್ತನಾಳಗಳು ಮೊದಲಿದ್ದ ಜಾಗದಿಂದ ಸರಿದು ಅಂಟಿಕೊಂಡಿರುವುದರಿಂದ ಈ ಹಂತಕ್ಕೆ ಎಚ್ಚರ ಬೇಕು. ಪ್ಲೇಟ್ ಕಂಡ ಮೇಲೆ ಪ್ರತಿ ಸ್ಕ್ರೂ ತಲೆಯ ಗುಳಿಯಲ್ಲಿ ತುಂಬಿಕೊಂಡ ನಾರು ಮತ್ತು ಮೂಳೆಯ ಚೂರನ್ನು ಚೂಪಾದ ಕೊಕ್ಕೆಯಿಂದ ಕೆದಕಿ ಶುಚಿಮಾಡಬೇಕು. ಸ್ಕ್ರೂಡ್ರೈವರ್ ಗುಳಿಯ ತಳದವರೆಗೆ, ಸ್ಕ್ರೂವಿನ ನೇರಕ್ಕೆ ಕೂರದೆ ತಿರುಗಿಸಿದರೆ ಗುಳಿಯ ಅಂಚು ಸವೆದು ಸ್ಕ್ರೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ಕ್ರೂಗಳ ತಲೆಯೇ ಪ್ಲೇಟ್‌ನ ತೂತಿಗೆ ಮರೆಯಿಂದ ಬಿಗಿದುಕೊಳ್ಳುವ ಲಾಕಿಂಗ್ ಪ್ಲೇಟ್‌ಗಳಲ್ಲಿ ಮೊದಲು ಎಲ್ಲ ಸ್ಕ್ರೂಗಳನ್ನೂ ಸಡಿಲಿಸಿ, ಆಮೇಲೆ ಒಂದೊಂದಾಗಿ ತೆಗೆಯುತ್ತಾರೆ. ಒಂದೊಂದನ್ನೇ ಪೂರ್ತಿ ತೆಗೆಯುತ್ತ ಹೋದರೆ ಕೊನೆಯ ಸ್ಕ್ರೂವಿನೊಡನೆ ಪ್ಲೇಟೇ ತಿರುಗಿ ಸುತ್ತಲಿನ ಮಾಂಸಕ್ಕೆ ಪೆಟ್ಟಾಗಬಹುದು. ಬಳಿಕ ಪ್ಲೇಟ್‌ನ ಅಂಚನ್ನು ಮೂಳೆಯ ಉಳಿಯಿಂದ ಎಬ್ಬಿಸಿ ತೆಗೆದು, ಗಾಯ ತೊಳೆದು ಹೊಲಿಗೆ ಹಾಕುತ್ತಾರೆ.

ರಾಡ್ ತೆಗೆಯುವಾಗ ಸಿ-ಆರ್ಮ್ ಎಕ್ಸ್‌ರೇ ಯಂತ್ರದ ನೆರವಿನಿಂದ ರಾಡಿನ ತಲೆಯನ್ನು ಹುಡುಕಿ, ಅದರ ಮುಚ್ಚಳ ಬಿಚ್ಚಿ, ಎಳೆಯುವ ಸರಳನ್ನು ರಾಡಿನ ಮರೆಗೆ ತಿರುಗಿಸಿ ಕೂರಿಸುತ್ತಾರೆ. ಈ ಸರಳು ಭದ್ರವಾದ ಮೇಲೆಯೇ ಕೊನೆಯ ಲಾಕಿಂಗ್ ಸ್ಕ್ರೂ ತೆಗೆಯುವುದು. ಇಲ್ಲದಿದ್ದರೆ ರಾಡ್ ಒಳಗೇ ತಿರುಗಬಹುದು ಅಥವಾ ಕೆಳಗೆ ಜಾರಬಹುದು. ಆಮೇಲೆ ಸರಳಿನ ಮೇಲೆ ಜಾರುವ ಸುತ್ತಿಗೆಯನ್ನು ಹಿಮ್ಮುಖವಾಗಿ ಬಡಿಯುತ್ತ ರಾಡನ್ನು ಹೊರಗೆಳೆಯುತ್ತಾರೆ. ಎಲ್ಲ ಭಾಗಗಳೂ ಹೊರಬಂದಿವೆಯೆಂದು ಎಕ್ಸ್‌ರೇಯಿಂದ ಖಚಿತಪಡಿಸಿಕೊಳ್ಳುತ್ತಾರೆ.

ಗುಳಿ ಸವೆದ ಸ್ಕ್ರೂಗಳಿಗೆ ಎಡಮರೆಯ ಶಂಕುವಿನಾಕಾರದ ಎಕ್ಸ್‌ಟ್ರಾಕ್ಟರ್, ಮುರಿದ ಸ್ಕ್ರೂಗಳಿಗೆ ಸುತ್ತಲಿನ ಮೂಳೆಯನ್ನು ಕೊರೆಯುವ ಟೊಳ್ಳು ರೀಮರ್, ಲಾಕಿಂಗ್ ಪ್ಲೇಟ್‌ಗೆ ಬೆಸೆದಂತೆ ಹಿಡಿದ ಸ್ಕ್ರೂಗಳಿಗೆ ತಲೆಯನ್ನೇ ಕೊರೆದುಹಾಕುವ ಕಾರ್ಬೈಡ್ ಡ್ರಿಲ್ ಬಳಸುತ್ತಾರೆ. ಹೀಗೆ ಕೊರೆಯುವಾಗ ಹಾರುವ ಲೋಹದ ಪುಡಿಯನ್ನು ತೊಳೆದು ಹೀರಿ ತೆಗೆಯಬೇಕು. ಆಳದಲ್ಲಿ ಮುರಿದುಳಿದ ತುಂಡನ್ನು ತೆಗೆಯಲು ಮೂಳೆಗೆ ಹೆಚ್ಚು ಹಾನಿಯಾಗುವಂತಿದ್ದರೆ ಅದನ್ನು ಅಲ್ಲೇ ಬಿಟ್ಟು ರೋಗಿಗೆ ತಿಳಿಸುತ್ತಾರೆ.

ತೊಡಕುಗಳು

ಅದೇ ಜಾಗದಲ್ಲಿ ಮೂಳೆ ಮತ್ತೆ ಮುರಿಯುವುದು ಮುಖ್ಯ ತೊಡಕು. ಸ್ಕ್ರೂ ತೆಗೆದ ತೂತಿನ ಸುತ್ತ ಒತ್ತಡ ಕೇಂದ್ರೀಕರಿಸುತ್ತದೆ. ಒಂದೇ ಒಂದು ಸ್ಕ್ರೂ ಗಾತ್ರದ ತೂತು ಮೂಳೆಯ ತಿರುಚು ಪೆಟ್ಟನ್ನು ತಾಳುವ ಶಕ್ತಿಯನ್ನು ಅರ್ಧಕ್ಕಿಂತಲೂ ಹೆಚ್ಚು ಇಳಿಸಬಲ್ಲದೆಂದು 1970ರ ಸುಮಾರಿನ ಪ್ರಾಣಿಪ್ರಯೋಗಗಳು ತೋರಿಸಿವೆ. ಕೆಲವು ವಾರಗಳಲ್ಲಿ ಹೊಸ ಮೂಳೆ ತುಂಬಿಕೊಂಡು ಈ ದೌರ್ಬಲ್ಯ ಕಡಿಮೆಯಾಗುತ್ತದೆ. ಮುಂದೋಳಿನ ಮೂಳೆಗಳಲ್ಲಿ, ಅದರಲ್ಲೂ ದಪ್ಪ ಪ್ಲೇಟ್‌ಗಳನ್ನು ಒಂದು ವರ್ಷದೊಳಗೆ ತೆಗೆದಾಗ, ಮರುಮುರಿತದ ಸಂಭವ ಹೆಚ್ಚು.

ನರಗಳಿಗೆ ಪೆಟ್ಟಾಗುವುದು ಇನ್ನೊಂದು ತೊಡಕು. ಮುಂದೋಳಿನ ಮೇಲ್ಭಾಗದ ಪ್ಲೇಟ್ ತೆಗೆಯುವಾಗ ಬೆರಳುಗಳನ್ನು ಎತ್ತುವ ನರಕ್ಕೂ, ಪಾದದ ಕೀಲಿನ ಬಳಿ ಚರ್ಮದ ಸ್ಪರ್ಶ ನರಗಳಿಗೂ ಅಪಾಯವಿದೆ.

ಸೋಂಕು ಹಿಂದೆ ಎಣಿಸಿದ್ದಕ್ಕಿಂತ ಹೆಚ್ಚು. ನೆದರ್ಲೆಂಡ್ಸ್‌ನ ಆಸ್ಪತ್ರೆಗಳಲ್ಲಿ ಮಂಡಿಯ ಕೆಳಗಿನ ಇಂಪ್ಲಾಂಟ್ ತೆಗೆಸಿಕೊಂಡವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶಸ್ತ್ರಕ್ರಿಯೆಗೆ ಮುನ್ನ ಒಂದು ಗ್ರಾಂ ಸೆಫಜೋಲಿನ್ ಎಂಬ ಪ್ರತಿಜೀವಕ ಪಡೆದವರಲ್ಲಿ ಶೇ. 13.2, ಬರಿಯ ಲವಣದ್ರಾವಣ ಪಡೆದವರಲ್ಲಿ ಶೇ. 14.9ರಷ್ಟು ಜನರಿಗೆ ಗಾಯದ ಸೋಂಕು ಕಂಡುಬಂತು. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಾಗಿರಲಿಲ್ಲ.

ಚೇತರಿಕೆ ಮತ್ತು ಫಲಿತಾಂಶ

ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಹೊಲಿಗೆಯನ್ನು 10ರಿಂದ 14 ದಿನಗಳಲ್ಲಿ ಬಿಚ್ಚುತ್ತಾರೆ. ನೋವು ತಾಳುವಷ್ಟು ಭಾರ ಹಾಕಿ ನಡೆಯಲು ಸಾಮಾನ್ಯವಾಗಿ ಅವಕಾಶವಿದೆ. ಆದರೆ ಓಟ, ಜಿಗಿತ, ಮೈಗೆ ಮೈ ತಾಗುವ ಆಟ, ಭಾರ ಎತ್ತುವ ಕೆಲಸಗಳನ್ನು 6ರಿಂದ 12 ವಾರ ಬಿಡಬೇಕು. ಮುಂದೋಳಿಗೆ ಇನ್ನೂ ಹೆಚ್ಚು ಕಾಲದ ಎಚ್ಚರ ಬೇಕಾಗಬಹುದು. ಲೋಹ ಹೋಯಿತು, ಗಾಯ ಒಣಗಿತು ಎಂದು ಬೇಗನೆ ಹೊಲದ ಕೆಲಸಕ್ಕೋ ಕಬಡ್ಡಿಗೋ ಇಳಿಯುವುದು ಮರುಮುರಿತಕ್ಕೆ ದಾರಿ.

ನೋವು ಲೋಹದ ಮೇಲೆಯೇ ಇದ್ದು, ಒತ್ತಿದಾಗ ಹೆಚ್ಚುವಂತಿದ್ದರೆ ತೆಗೆದ ಮೇಲೆ ಗುಣ ಕಾಣುವ ಸಂಭವ ಹೆಚ್ಚು. ಕೀಲು ಸವೆತ, ಸ್ನಾಯು ಅಥವಾ ನರದ ಹಾನಿಯಿಂದ ಬರುವ ನೋವು ಲೋಹ ತೆಗೆದರೂ ಹೋಗುವುದಿಲ್ಲ. ಕಣಕಾಲಿನ ರಾಡ್ ತೆಗೆಸಿಕೊಂಡವರಲ್ಲೂ ಮಂಡಿನೋವು ಪೂರ್ತಿ ಮಾಯವಾಗುವುದು ಎಲ್ಲರಿಗಲ್ಲ. ಕೆಲವರಲ್ಲಿ ಭಾಗಶಃ ಕಡಿಮೆಯಾಗುತ್ತದೆ, ಕೆಲವರಲ್ಲಿ ಹಾಗೆಯೇ ಉಳಿಯುತ್ತದೆ. ಇದನ್ನು ಶಸ್ತ್ರಕ್ರಿಯೆಗೆ ಮೊದಲೇ ರೋಗಿಗೆ ವಿವರಿಸುವುದು ಒಪ್ಪಿಗೆ ಪಡೆಯುವ ಪ್ರಕ್ರಿಯೆಯ ಮುಖ್ಯ ಭಾಗ.

ಇಂದಿನ ಸ್ಥಿತಿ

ಫಿನ್ಲೆಂಡಿನಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನವೊಂದು, ಮೂಳೆ ವಿಭಾಗದ ಪೂರ್ವನಿಗದಿತ ಶಸ್ತ್ರಕ್ರಿಯೆಗಳಲ್ಲಿ ಶೇ. 30ರ ಸಮೀಪದಷ್ಟು ಇಂಪ್ಲಾಂಟ್ ತೆಗೆಯುವುದಕ್ಕೇ ಮೀಸಲಾಗಿದ್ದುದನ್ನು ತೋರಿಸಿತು. ಅಂಥ ಲೆಕ್ಕಗಳು ಹೊರಬಂದ ಮೇಲೆ ಎಲ್ಲರಿಗೂ ತೆಗೆಯುವ ವಾಡಿಕೆ ಹಲವೆಡೆ ಮರುಪರಿಶೀಲನೆಗೆ ಒಳಗಾಯಿತು. ಭಾರತದಲ್ಲಿ ಮಕ್ಕಳಿಗೆ ಹೆಚ್ಚಾಗಿ ತೆಗೆಯುವ, ವಯಸ್ಕರಿಗೆ ತೊಂದರೆಯಿದ್ದರೆ ತೆಗೆಯುವ ಪದ್ಧತಿ ಸಾಮಾನ್ಯವಾಗಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ ಅಪಘಾತ ಮತ್ತು ಮೂಳೆಚಿಕಿತ್ಸೆಗೇ ಮೀಸಲಾದ ಸರ್ಕಾರಿ ಆಸ್ಪತ್ರೆ.

ತಾನಾಗಿಯೇ ಕರಗುವ ಇಂಪ್ಲಾಂಟ್‌ಗಳು ಎರಡನೆಯ ಶಸ್ತ್ರಕ್ರಿಯೆಯನ್ನೇ ತಪ್ಪಿಸುವ ಪ್ರಯತ್ನ. ಲಾಂಬೋಟ್ 1900ರ ದಶಕದಲ್ಲಿ ಬಳಸಿದ ಮೆಗ್ನೀಸಿಯಂ ಪ್ಲೇಟ್ ಕೆಲವೇ ದಿನಗಳಲ್ಲಿ ಕರಗಿ ಚರ್ಮದಡಿ ಅನಿಲ ತುಂಬಿಸಿತ್ತು. 1980ರ ದಶಕದಲ್ಲಿ ಫಿನ್ಲೆಂಡಿನ ಪೆಂಟಿ ರೊಕ್ಕನೆನ್ ತಂಡ ಪಾದದ ಕೀಲಿನ ಮುರಿತಗಳಿಗೆ ಕರಗುವ ಪಾಲಿಮರ್ ಕಡ್ಡಿಗಳನ್ನು ಬಳಸಿತು. ಜರ್ಮನಿಯಲ್ಲಿ ತಯಾರಾದ ಮೆಗ್ನೀಸಿಯಂ ಮಿಶ್ರಲೋಹದ ಸ್ಕ್ರೂವಿಗೆ 2013ರಲ್ಲಿ ಯುರೋಪಿನ ಸಿಇ ಮನ್ನಣೆ ದೊರೆಯಿತು. ಇವು ಸದ್ಯ ಭಾರ ಕಡಿಮೆ ಬೀಳುವ ಸಣ್ಣ ಮೂಳೆಗಳಿಗೆ ಸೀಮಿತ. ತೊಡೆ, ಕಣಕಾಲಿನಂಥ ಭಾರ ಹೊರುವ ಮೂಳೆಗಳಿಗೆ ಉಕ್ಕು ಮತ್ತು ಟೈಟೇನಿಯಂಗಳೇ ಆಧಾರವಾಗಿರುವುದರಿಂದ, ಮೊದಲ ಶಸ್ತ್ರಕ್ರಿಯೆಯ ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ ಮತ್ತು ಇಂಪ್ಲಾಂಟ್ ಸ್ಟಿಕರ್‌ನ ಪ್ರತಿಯನ್ನು ರೋಗಿ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವುದು ಅಗತ್ಯ. ವರ್ಷಗಳ ನಂತರ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಲೋಹ ತೆಗೆಯಬೇಕಾಗಿ ಬಂದಾಗ ಸರಿಹೊಂದುವ ಸ್ಕ್ರೂಡ್ರೈವರ್ ಯಾವುದೆಂದು ವೈದ್ಯರಿಗೆ ತಿಳಿಸುವ ದಾಖಲೆ ಅದು.